ಮಿದುಳಿನ ಫ್ರಿಜ್ಜಿನಲ್ಲಿ ಶ್ರೀಖಂಡ

"ಸೂತಕದಾಂವ ಇದ್ದೀ, ಮಷೀನಿಗೆ ಕೈ ಹಚ್ಚಬ್ಯಾಡ. ಹಿಂದ ಸರಿಯೋ ಹಲ್ಕಟ್."

ಖರೀದಿ ವಿಭಾಗದ ಕೇದಾರ ಸಾಹೇಬರು ನನಗೆ ಹೀಗೆ ಬುದ್ಧಿ ಹೇಳಿದರು. ಸರಿಯೇ. ನನ್ನ ಹೆಂಡತಿ ಅಕ್ಕಾತಾಯಿ ತೀರಿಕೊಂಡು ಒಂದು ದಿನವಾಗಿತ್ತು. ಆದರೆ ನಾಲ್ಕು ತಿಂಗಳ ಹಿಂದೆ ಅವರು ಮಷೀನು ಎಂದ ಆ ಫ್ರಿಜ್ಜನ್ನು ಕೊಲ್ಹಾಪುರದ ಈ ಸರಕಾರಿ ಆಸ್ಪತ್ರೆಯ ಮೂರನೆಯ ಮಹಡಿಗೆ ಹೊತ್ತ ಹಮಾಲರಲ್ಲಿ ನಾನೂ ಒಬ್ಬ. ಆಗ ನನ್ನ ಹೆಗಲು ಮಡಿಯಾಗಿಯೇ ಇತ್ತು.

ಮಿದುಳಿನ ರೋಗಗಳ ಸಂಶೋಧನೆಗೆ ಸರಕಾರ ಕೊಂಡ ಫ್ರಿಜ್ ಅದು. ಸತ್ತವರ ಮಿದುಳನ್ನು ಕೆಡದಂತೆ ಇಡುತ್ತಾರಂತೆ. ಟೆಂಡರನ್ನು ಮೂರು ಸಲ ಕರೆದರು. ಅಷ್ಟರಲ್ಲಿ ಅಕ್ಕಾತಾಯಿ ಮೊದಲು ನಡೆಯುವುದನ್ನು ಮರೆತಳು, ಆಮೇಲೆ ನನ್ನ ಹೆಸರನ್ನು. ಅವಳ ತಾಯಿಗೂ ಹೀಗೇ ಆಗಿತ್ತು. ಈಗ ಇಚಲಕರಂಜಿಯಲ್ಲಿ ಮಗ್ಗದ ಮೇಲೆ ದುಡಿಯುವ ಮಗಳು ಮೋನಾಲಿಯ ಬೆರಳುಗಳು ನಡುಗುತ್ತಿವೆ. ಹರಿದ ಎಳೆಗೆ ಗಂಟು ಹಾಕಲು ಆಗುತ್ತಿಲ್ಲ.

ತಾಯಿಯ ಮಿದುಳು ನೋಡಿದರೆ ಮಗಳ ರೋಗದ ಬೇರು ಸಿಕ್ಕೀತು ಎಂದು ಡಾಕ್ಟರ್ ಹರ್ಷದಾ ಕೇಳಿದರು. ಕೊಟ್ಟೆ. ನಮ್ಮೂರು ನೂಲದಲ್ಲಿ ಮಣ್ಣು ಮಾಡುವಾಗ ಅಕ್ಕಾತಾಯಿಯ ಅಣ್ಣ ರಾಮಲಿಂಗ ಎಲ್ಲರೆದುರು, "ತಲಿ ಖಾಲಿ ಮಾಡಿ ತಂದಾನ ನೋಡ್ರಿ" ಎಂದ. ಪಾಂಡುರಂಗನನ್ನು ನೆನೆದು ಒಂದು ಹಿಡಿ ಮಣ್ಣು ಹಾಕಿದೆ.

ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಬಂದು ನೋಡಿದರೆ, ಮಿದುಳಷ್ಟೇ ಉಳಿದ ಅವಳು ಇನ್ನೂ ಬರ್ಫದ ಪೆಟ್ಟಿಗೆಯಲ್ಲೇ ಇದ್ದಳು. ಫ್ರಿಜ್ಜಿನ ಉದ್ಘಾಟನೆ ಆಗಿರಲಿಲ್ಲವಲ್ಲ! ಹನ್ನೊಂದಕ್ಕೆ ಬರಬೇಕಾದ ಮಂತ್ರಿಗಳು ಎರಡಾದರೂ ಬರಲಿಲ್ಲ. ಬರ್ಫ ಮಾತ್ರ ಸಮಯಕ್ಕೆ ಸರಿಯಾಗಿ ಕರಗಿತು. ಇನ್ನು ತಡವಾದರೆ ಮಿದುಳು ಕೆಟ್ಟುಹೋಗುತ್ತದೆ ಎಂದು ಹರ್ಷದಾ ಕೈಮುಗಿದರು. ಪೂಜೆಗೆ ಬಂದ ಭಟ್ಟರು, ಹೆಣದ ವಸ್ತು ಮೊದಲು ಒಳಗೆ ಹೋಗುವುದು ಅಪಶಕುನ ಎಂದರು. ಮಿದುಳಿಗೆಂದೇ ಕೊಂಡ ಫ್ರಿಜ್ಜಿಗೆ ಮಿದುಳೇ ಅಪಶಕುನ.

ಹಾಗೆಂದು ಅದು ಖಾಲಿಯೇನೂ ಇರಲಿಲ್ಲ. ಮಂತ್ರಿಗಳಿಗಾಗಿ ತರಿಸಿದ ಶ್ರೀಖಂಡದ ಡಬ್ಬಿಗಳನ್ನು ಸಾಹೇಬರು ನಿನ್ನೆಯೇ ಒಳಗೆ ಇಡಿಸಿದ್ದರು. ಕೋಣೆಯ ಬಾಗಿಲಿಗೆ ಕಟ್ಟಿದ ಕೆಂಪು ರಿಬ್ಬನ್ನಿನ ಕೆಳಗೆ ಬಗ್ಗಿ ಹೋಗಿ ಸಿಪಾಯಿ ನಿಲೇಶ ಒಂದು ಡಬ್ಬಿ ತಂದ. ಚಮಚ ಚುಚ್ಚಿದರೆ ಚಮಚವೇ ಬಾಗಿತು. ಶ್ರೀಖಂಡ ಕಲ್ಲಾಗಿತ್ತು.

"ಅಯ್ಯಯ್ಯ, ಭಾಳ ಲುಕ್ಸಾನ ಆತಲ್ಲೋ" ಎಂದು ಸಾಹೇಬರು ಹಣೆ ಹಿಡಿದುಕೊಂಡರು. ಅಕ್ಕಾತಾಯಿ ಸತ್ತ ಸುದ್ದಿಗೆ ಅವರು ಇಷ್ಟು ಮರುಗಿರಲಿಲ್ಲ.

ನಾನು ಪೆಟ್ಟಿಗೆ ಎತ್ತಿಕೊಂಡೆ. ಎರಡೂ ಕೈಯಲ್ಲಿ ಅವಳಿದ್ದಳು, ನಾನು ಬಗ್ಗಲಿಲ್ಲ. ಎದೆಗೆ ತಾಗಿದ ರಿಬ್ಬನ್ ಕಿತ್ತುಹೋಯಿತು.

"ಏ ಗಣಪತ, ಅದನ್ನ ಮಂತ್ರಿ ಕತ್ತರಸಬೇಕಿತ್ತೋ!"

"ಅವರಿಗೆ ಬ್ಯಾರೆ ಕಟ್ರಿ ಸಾಹೇಬ್ರ. ಅಂಗಡ್ಯಾಗ ಸಿಗತೈತಿ. ಇಕಿ ಸಿಗೂದಿಲ್ಲ."

ಪೆಟ್ಟಿಗೆ ಕೆಳಗಿಟ್ಟು, ಫ್ರಿಜ್ ತೆರೆದು ಡಬ್ಬಿಗಳನ್ನು ಒಂದೊಂದಾಗಿ ನೆಲಕ್ಕೆ ಒಗೆದೆ. ಹರ್ಷದಾ ಓಡಿಬಂದು ಅವಳನ್ನು ಒಳಗಿಟ್ಟರು.

"ಬಾಗಲಾ ಹಾಕ್ರಿ ಡಾಕ್ಟರ್ ಬಾಯಾರ" ಎಂದೆ. "ತೆಗಿಯಾಕ ಬಂದವರನ್ನ ನಾ ನೋಡಕೋತೀನಿ."

ಕೆಳಗೆ ಗಾಡಿಗಳು ಬಂದು ನಿಂತವು. ಮೆಟ್ಟಿಲ ಮೇಲೆ ಪೊಲೀಸರ ಬೂಟಿನ ಸದ್ದು. ನಾನು ಫ್ರಿಜ್ಜಿಗೆ ಬೆನ್ನು ಕೊಟ್ಟು, ಕಾಲು ಚಾಚಿ ಕುಳಿತೆ.