ಗೋಡೆ ಮುಗಿಯುವ ಜಾಗ

ಲೋಸಲಿನಿ ತನ್ನ ಅಣ್ಣ ಪೆನಿಯಾಸಿಯ ಜೊತೆ ನೇರವಾಗಿ ಮಾತಾಡಿ ನಲವತ್ತೊಂದು ವರ್ಷವಾಗಿತ್ತು. ಜಗಳವೇನೂ ಇರಲಿಲ್ಲ. ಮೈನೆರೆದ ತಂಗಿ ಅಣ್ಣನಿಗೆ ಎದುರು ಕೂರುವುದಿಲ್ಲ, ಮಾತಾಡುವುದಿಲ್ಲ, ಅವನೂ ಅವಳನ್ನು ಹೆಸರು ಹಿಡಿದು ಕರೆಯುವುದಿಲ್ಲ. ಅದು ಅವರ ದ್ವೀಪದ ಮರ್ಯಾದೆ. ಏನಾದರೂ ಹೇಳಬೇಕಾದರೆ ನಡುವೆ ಇನ್ನೊಬ್ಬರು ಬೇಕು. ಲೋಸಲಿನಿಗೆ ಆ ಇನ್ನೊಬ್ಬ ಅವಳ ಗಂಡ ಸಕಿಯೂಸ. ಆದರೆ ಗಂಡನೂ ಅಣ್ಣನೂ ಪರಸ್ಪರ ಭಾವಂದಿರು. ಭಾವಂದಿರು ಎದುರಾದರೆ ಒಬ್ಬರನ್ನೊಬ್ಬರು ಗೇಲಿ ಮಾಡಲೇಬೇಕು. ಅದೂ ಮರ್ಯಾದೆಯೇ.

ಪೆನಿಯಾಸಿ ಊರಿನ ಅಭಿವೃದ್ಧಿ ಸಮಿತಿಯ ಅಧ್ಯಕ್ಷ. ಒಳ್ಳೆಯ ಮನುಷ್ಯ, ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹನ್ನೆರಡು ವರ್ಷ ರಾಜಧಾನಿ ಸುವಾದ ಕಚೇರಿಗಳಿಗೆ ಅಲೆದು, ಅಲೆಗಳನ್ನು ತಡೆಯುವ ಒಂದು ಕಲ್ಲಿನ ಗೋಡೆಯನ್ನು ಊರಿಗೆ ಮಂಜೂರು ಮಾಡಿಸಿಕೊಂಡು ಬಂದಿದ್ದ. ಲೋಸಲಿನಿಯೂ ಅದೇ ಸಮಿತಿಯಲ್ಲಿದ್ದಳು, ಹೆಂಗಸರ ಪರವಾಗಿ. ಅವಳ ವರದಿಯನ್ನು ಸದಾ ಬೇರೆ ಯಾರಾದರೂ ಓದುತ್ತಿದ್ದರು.

ಅವಳ ವರದಿಯಲ್ಲಿ ಇರುತ್ತಿದ್ದದ್ದು ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ವಿಷಯ. ಒಂಬತ್ತು ವರ್ಷದಿಂದ ಊರಿನ ಹೆಂಗಸರು ಮೊಣಕಾಲುದ್ದ ಕೆಸರಿನಲ್ಲಿ ನಿಂತು ಉತ್ತರದ ದಂಡೆಗೆ ಕಾಂಡ್ಲಾ ಸಸಿ ನೆಡುತ್ತಿದ್ದರು. ಮೂರರಲ್ಲಿ ಎರಡು ಸಾಯುತ್ತಿದ್ದವು. ಉಳಿದವು ಆಳೆತ್ತರ ಬೆಳೆದು, ಬೇರುಗಳ ನಡುವೆ ಏಡಿ ಸೇರಿಕೊಂಡು, ಹಿಂದಿದ್ದ ಸ್ಮಶಾನದ ಮಣ್ಣು ಕುಸಿಯುವುದು ನಿಂತಿತ್ತು. ಸ್ಮಶಾನದ ಮೊದಲ ಸಾಲಿನಲ್ಲಿ, ನೀರಿಗೆ ತೀರ ಹತ್ತಿರ, ಅವಳ ಒಬ್ಬಳೇ ಮಗಳು ಅಲುಮಿತ ಇದ್ದಳು. ಡೆಂಗಿ ಜ್ವರ, ಎಂಟು ವರ್ಷದ ಕೂಸು. ಅವಳನ್ನು ಮಣ್ಣು ಮಾಡಿದ ವರ್ಷವೇ ಲೋಸಲಿನಿ ಮೊದಲ ಸಸಿ ನೆಟ್ಟದ್ದು. ಯಾಕೆಂದು ಯಾರೂ ಕೇಳಲಿಲ್ಲ.

ಗೋಡೆಯ ಎಂಜಿನಿಯರ್ ಸುವಾದಿಂದ ನಕ್ಷೆ ತಂದು ಸಮಿತಿಯ ಚಾಪೆಯ ಮೇಲೆ ಹಾಸಿದ. ಗೋಡೆ ಕಾಂಡ್ಲಾ ಶುರುವಾಗುವಲ್ಲಿ ಮುಗಿಯುತ್ತದೆ ಎಂದ. ಕಲ್ಲು ತರುವ ಬಾರ್ಜ್ ದಡ ಹತ್ತಲು ಬೇರೆ ದಾರಿಯಿಲ್ಲ, ಅಷ್ಟೂ ಗಿಡ ಕಡಿಯಬೇಕು, ಆಮೇಲೆ ಬೇಕಾದರೆ ಮತ್ತೆ ನೆಟ್ಟುಕೊಳ್ಳಿ ಎಂದ. ಅಧ್ಯಕ್ಷ ತಲೆಯಾಡಿಸಿದ. ಮತ್ತೇರಿಸುವ ಬೇರಿನ ಪಾನಕ ಯಾಂಗೋನಾ ತುಂಬಿದ ತೆಂಗಿನ ಚಿಪ್ಪು ಕೈಯಿಂದ ಕೈಗೆ ಹೋಯಿತು.

"ಯಾರದ್ದಾದ್ರೂ ತಕರಾರು ಇದೆಯಾ?" ಎಂಜಿನಿಯರ್ ಕೇಳಿದ.

ಲೋಸಲಿನಿ ಬಾಗಿಲ ಬಳಿ ಕೂತಿದ್ದಳು. ಹಿಂದಿನ ವರ್ಷ ಆಚೆ ದ್ವೀಪಕ್ಕೆ ಮದುವೆಗೆ ಹೋದಾಗ ಅಲ್ಲಿನ ಗೋಡೆಯನ್ನು ನೋಡಿ ಬಂದಿದ್ದಳು. ಗೋಡೆಯ ಉದ್ದಕ್ಕೂ ತಡೆದ ನೀರು ಗೋಡೆ ಮುಗಿಯುವಲ್ಲಿ ತಿರುಗಿಕೊಂಡು, ಎರಡು ಮನೆ ಹಿಡಿಸುವಷ್ಟು ನೆಲವನ್ನು ತೋಡಿ ತೆಗೆದಿತ್ತು. ಮಾತು ನಾಲಿಗೆಯ ತುದಿಯಲ್ಲಿತ್ತು. ಆದರೆ ಹೊರಗಿನವನ ಮುಂದೆ ಅಣ್ಣನ ಮಾತಿಗೆ ಎದುರಾಡುವುದು ಹೇಗೆ? ಅವಳು ಚಾಪೆ ನೋಡುತ್ತ ಕೂತಳು. ಎಲ್ಲರೂ ಚಾಪೆಯನ್ನೇ ನೋಡುತ್ತಿದ್ದರು. ತಕರಾರಿಲ್ಲ ಎಂದು ಎಂಜಿನಿಯರ್ ಬರೆದುಕೊಂಡ.

ಸಂಜೆ ಮರಗೆಣಸು ಸುಲಿಯುತ್ತ ಗಂಡನಿಗೆ ಎಲ್ಲವನ್ನೂ ಹೇಳಿದಳು. "ಹೋಗಿ ಅಣ್ಣನಿಗೆ ತಿಳಿಸು. ಕಾಂಡ್ಲಾ ಹೋದ್ರೆ ಸ್ಮಶಾನ ಉಳಿಯಲ್ಲ. ನಮ್ಮ ಅಲುಮಿತ ಮೊದಲ ಸಾಲಲ್ಲೇ ಇದ್ದಾಳೆ."

"ಹೇಳ್ತೀನಿ."

"ನಗಾಡ್ಕೊಂಡು ಹೇಳ್ಬೇಡ."

"ನಗದೆ ಹೇಗೆ ಹೇಳೋದು ಮಾರಾಯ್ತಿ? ಅವನು ನನಗೆ ಭಾವ. ಮುಖ ಗಂಟು ಹಾಕ್ಕೊಂಡು ಹೋದ್ರೆ ಯಾರೋ ಸತ್ರು ಅಂದ್ಕೋತಾನೆ."

ಅವಳೂ ಹಿಂದೆಯೇ ಹೋಗಿ ಅತ್ತಿಗೆಯ ಅಡುಗೆಮನೆಯಲ್ಲಿ ಕೂತಳು. ತಗಡಿನ ಗೋಡೆ, ಆಚೆಯದ್ದೆಲ್ಲ ಕೇಳುತ್ತಿತ್ತು.

"ಏನ್ ಭಾವ, ಗೋಡೆಗಿಂತ ಮೊದ್ಲು ನಿನ್ ಹೊಟ್ಟೆನೇ ಸಮುದ್ರ ಮುಟ್ಟೋ ಹಾಗಿದೆ?" ಎಂದ ಸಕಿಯೂಸ.

"ನಿನ್ ಥರ ಹೆಂಡತಿ ನೆಟ್ಟ ಗಿಡದಡಿ ಏಡಿ ಹಿಡ್ಕೊಂಡು ಬದುಕ್ಲಾ? ಕೂತ್ಕೋ, ಕುಡಿ."

"ಕಲ್ಲು ಯಾಕೆ ತರಿಸ್ತೀಯ, ನೀನೇ ಅಡ್ಡ ಮಲ್ಕೋ. ಸಮುದ್ರ ಹೆದರಿ ಓಡುತ್ತೆ." ಕೂತವರೆಲ್ಲ ನಕ್ಕರು. ಸಕಿಯೂಸನಿಗೆ ಹುರುಪು ಬಂತು. "ಆಮೇಲೆ, ನಿನ್ ಗೋಡೆ ಮುಗಿಯೋ ಕಡೆ ನೀರು ತಿರುಗಿ ಸ್ಮಶಾನ ತಿನ್ನುತ್ತಂತೆ. ಕಾಂಡ್ಲಾ ಕಡಿದ್ರೆ ನಿಮ್ಮಪ್ಪ ಎದ್ದು ಬಂದು ನಿನ್ ಕಿವಿ ಹಿಂಡ್ತಾನೆ, ನೋಡ್ತಿರು."

"ಬರ್ಲಿ ಬಿಡು. ತಂಗೀನ ಇಂಥವನಿಗೆ ಯಾಕೆ ಕೊಟ್ಟೆ ಅಂತ ನಾನೂ ಕೇಳ್ಬೇಕು."

ಮನೆ ಬಿದ್ದುಹೋಗುವಂತೆ ನಗು. ಯಾರೋ ಚಪ್ಪಾಳೆ ತಟ್ಟಿದರು, ಇನ್ನೊಂದು ಚಿಪ್ಪು ತುಂಬಿತು. ಅತ್ತಿಗೆಯೂ ಈಚೆ ನಗುತ್ತಿದ್ದಳು. ಲೋಸಲಿನಿಗೆ ಗಂಡನನ್ನು ಅಲ್ಲೇ ಹೋಗಿ ಹೊಡೆಯಬೇಕೆನಿಸಿತು.

ಇನ್ನೊಂದು ದಾರಿಯಿತ್ತು. ಅವಳ ಪೆಟ್ಟಿಗೆಯಲ್ಲಿ ಒಂದು ತಿಮಿಂಗಿಲದ ಹಲ್ಲಿತ್ತು. ಅದನ್ನು ಎರಡೂ ಕೈಯಲ್ಲಿ ಹಿಡಿದು ಮಂಡಿಯೂರಿ ಕೇಳಿದರೆ ಯಾವ ಭಾವನೂ ಗೇಲಿ ಮಾಡುವ ಹಾಗಿಲ್ಲ, ಇಲ್ಲ ಎನ್ನುವ ಹಾಗೂ ಇಲ್ಲ. ಅಲುಮಿತ ಸತ್ತಾಗ ಅದನ್ನು ತಂದು ಒಪ್ಪಿಸಿದವನು ಪೆನಿಯಾಸಿಯೇ. ಮರುದಿನ ಬೆಳಿಗ್ಗೆ ಅವಳು ಹಲ್ಲನ್ನು ಹೊರಗೆ ತೆಗೆದಳು.

"ಇದನ್ನ ಹಿಡ್ಕೊಂಡು ಹೋದ್ರೆ ಅವನು ಕೆಲಸ ನಿಲ್ಲಿಸ್ಲೇಬೇಕು," ಎಂದ ಸಕಿಯೂಸ. "ಹನ್ನೆರಡು ವರ್ಷ ಅಲೆದು ತಂದಿದ್ದು. ಎಂಜಿನಿಯರ್ ಮುಂದೆ ನಿಮ್ಮಣ್ಣನ ಮುಖ ಎಲ್ಲಿಡೋದು? ನೋಡು, ನೀನು ಹೋಗು ಅಂದ್ರೆ ಹೋಗ್ತೀನಿ."

ಅವಳು ಬಹಳ ಹೊತ್ತು ಹಲ್ಲನ್ನು ಕೈಯಲ್ಲಿ ಹಿಡಿದು ಕೂತಿದ್ದಳು. ಆಮೇಲೆ ಅಣ್ಣನ ಮುಖ ಉಳಿಸಿದಳು. ಹಲ್ಲು ಪೆಟ್ಟಿಗೆಗೆ ಮರಳಿತು.

ಒಂಬತ್ತು ವರ್ಷದ ಗಿಡಗಳನ್ನು ಕಡಿಯಲು ಮೂರು ದಿನ ಸಾಕಾಯಿತು. ಗೋಡೆ ಮುಗಿದಾಗ ಪ್ರಾರ್ಥನೆಯಾಯಿತು, ಊಟವಾಯಿತು. ಲೋಸಲಿನಿ ಇನ್ನೂರು ಜನಕ್ಕೆ ತೆಂಗಿನಹಾಲಿನಲ್ಲಿ ಮೀನು ಬೇಯಿಸಿದಳು, ತಾನು ಉಣ್ಣಲಿಲ್ಲ.

ಫೆಬ್ರವರಿಯ ಹುಣ್ಣಿಮೆಯ ಮರುಬೆಳಿಗ್ಗೆ, ದೊಡ್ಡ ಉಬ್ಬರದ ಜೊತೆಗೆ ಗಾಳಿಯೂ ಎದ್ದಿತು. ಗೋಡೆ ಒಂದು ಕಲ್ಲೂ ಅಲುಗದೆ ನಿಂತಿತು. ಒಂದು ಮನೆಗೂ ನೀರು ನುಗ್ಗಲಿಲ್ಲ. ಜನ ಅಧ್ಯಕ್ಷನ ಕೈ ಕುಲುಕುತ್ತಿರುವಾಗಲೇ ಉತ್ತರದ ಕಡೆಯಿಂದ ಕೂಗು ಕೇಳಿತು.

ಗೋಡೆ ಮುಗಿಯುವಲ್ಲಿ ನೀರು ತಿರುಗಿಕೊಂಡಿತ್ತು. ಸ್ಮಶಾನದ ದಡ ಹೋಳು ಹೋಳಾಗಿ ಕುಸಿಯುತ್ತಿತ್ತು. ಗಂಡಸರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದು, ಎರಡನೆಯ ಸಾಲಿನಿಂದ ಸಿಕ್ಕಷ್ಟು ಮೂಳೆಗಳನ್ನು ಚಾಪೆಗಳಲ್ಲಿ ಸುತ್ತಿ ಮೇಲೆ ತಂದರು. ಪೆನಿಯಾಸಿ ತನ್ನ ಅಪ್ಪನನ್ನು ತಾನೇ ಎತ್ತಿಕೊಂಡು ಬಂದ. ಮೊದಲ ಸಾಲು ಇರಲೇ ಇಲ್ಲ. ಅಲುಮಿತಳ ಗೋರಿಗೆ ಹೊದಿಸಿದ್ದ ಕಸೂತಿಯ ಬಟ್ಟೆ ಕಡಿದ ಕಾಂಡ್ಲಾದ ಒಂದು ಮೋಟಿಗೆ ಸಿಕ್ಕಿಕೊಂಡಿತ್ತು. ಲೋಸಲಿನಿ ಎದೆಮಟ್ಟದ ನೀರಿಗೆ ಇಳಿದು ಅದನ್ನು ಬಿಡಿಸಿಕೊಂಡಳು. ಸಕಿಯೂಸ ಅವಳ ರಟ್ಟೆ ಹಿಡಿದು ದಡಕ್ಕೆ ಎಳೆದುಕೊಂಡ.

ಪೆನಿಯಾಸಿ ಬಂದು ಅವಳ ಎದುರಿಗೇ ನಿಂತ. ಮೈಯೆಲ್ಲ ಕೆಸರು.

"ಲೋಸಾ," ಎಂದ.

ಅವಳಿಗೆ ಹದಿಮೂರು ವರ್ಷವಿದ್ದಾಗ ಆ ದನಿ ಹಾಗೆ ಕರೆದದ್ದೇ ಕೊನೆ. ಸುತ್ತ ನಿಂತವರು ನೆಲ ನೋಡಿದರು.

"ಲೋಸಾ, ನಿಂಗೆ ಗೊತ್ತಿತ್ತು ಅಲ್ವಾ? ನಂಗೆ ಒಂದು ಮಾತು ಹೇಳ್ಬಾರ್ದಿತ್ತಾ?"

ಅವಳು ಬಟ್ಟೆಯನ್ನು ಹಿಂಡಿದಳು, ಮತ್ತೆ ಹಿಂಡಿದಳು. ಆಮೇಲೆ ಅಣ್ಣನಿಗೆ ಬೆನ್ನು ಮಾಡಿ ಗಂಡನ ಕಡೆ ತಿರುಗಿದಳು.

"ಹೇಳಿದ್ದೆ ಅಂತ ಹೇಳು ಅವನಿಗೆ."

ಸಕಿಯೂಸ ಭಾವನ ಕಡೆ ತಿರುಗಿದ.

"ಹೇಳಿದ್ಲು ಭಾವ," ಎಂದ. "ನಾವಿಬ್ರೂ ನಕ್ಕುಬಿಟ್ವಿ."