ಆರನೆಯ ಮೊಳೆ

"ತಲೆ ಕಡೆ ಇಳಿಸಿ! ಕಾಲು ಕಡೆ ಎತ್ತಿ, ಎತ್ತಿ!" ಎಂದು ಓನೊ ಅಂಗಳದಿಂದ ಕೂಗಿದನು. ಶವಪೆಟ್ಟಿಗೆ ಬಾಗಿಲಿನ ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ಹೊತ್ತ ಆರು ಮಂದಿ ನೆರೆಯವರು ಕಪ್ಪು ಕೋಟಿನೊಳಗೆ ಬೆವರುತ್ತಿದ್ದರು.

"ನೀನು ವಿಮಾನ ಇಳಿಸಿದೋನು, ಪೆಟ್ಟಿಗೆ ಇಳಿಸಿದೋನಲ್ಲ. ಸುಮ್ನಿರು ಮಾರಾಯ," ಎಂದು ಮುಂದಿನ ಹಿಡಿಯಲ್ಲಿದ್ದ ಹಿನ್ರಿಕ್ ಗೊಣಗಿದನು.

"ನಾನು ಇಳಿಸಿದ್ದು ಯಾರಿಗೆ ನೆನಪಿದೆಯೋ? ಬಿಟ್ಟು ಹಾರಿದ್ದೇ ಊರಿಗೆಲ್ಲ ನೆನಪು."

ಯಾರೋ ನಕ್ಕು, ತಕ್ಷಣ ಕೆಮ್ಮಿದರು. ಚೌಕಟ್ಟಿನ ಬಣ್ಣವನ್ನು ಒಂದಿಷ್ಟು ಕೆರೆದುಕೊಂಡು ಪೆಟ್ಟಿಗೆ ಹೊರಗೆ ಬಂದಿತು. ಎಪ್ಪತ್ತಾರು ವರ್ಷದ ತಾಲ್ಕೆ ತನ್ನ ಮನೆಯನ್ನು ಬಿಟ್ಟಳು. ಕುಳಿ ತೋಡುವುದು, ಹೊರುವುದು, ಆಮೇಲೆ ಚಹಾ ಕಾಯಿಸುವುದು ಎಲ್ಲವೂ ನೆರೆಯವರ ಪಾಲಿಗೆ ಬಂದದ್ದು. ಆ ಕಡಲತೀರದಲ್ಲಿ ಅದನ್ನು ಯಾರೂ ಯಾರನ್ನೂ ಕೇಳಿಕೊಳ್ಳುವುದಿಲ್ಲ.

ತಾಲ್ಕೆಯ ಅಣ್ಣನ ಮಗಳು ಇಮ್ಕೆ ಕೊನೆಯಲ್ಲಿ ಬಂದಳು. ಗೇಟಿನ ಬಳಿ ಕಪ್ಪು ತಲೆವಸ್ತ್ರದ ಮುದುಕಿಯೊಬ್ಬಳು ನಿಂತಿದ್ದಳು. ಓಕಾ. ಅವಳ ಮನೆ ಕಾಲುವೆಯ ಆಚೆ ದಡದಲ್ಲಿ, ಕೂಗಿದರೆ ಕೇಳುವಷ್ಟು ದೂರ. ಅವಳ ಗಂಡ ಫೋಲ್ಕರ್ಟ್ ವಿಮಾನ ಬಿದ್ದು ಸತ್ತು ನಲವತ್ತೊಂಬತ್ತು ವರ್ಷವಾಗಿತ್ತು. ಅಷ್ಟೂ ವರ್ಷ ಅವಳಾಗಲಿ ತಾಲ್ಕೆಯಾಗಲಿ ಆ ಕಾಲುವೆ ದಾಟಿ ಇನ್ನೊಬ್ಬಳ ಮನೆಗೆ ಹೋಗಿರಲಿಲ್ಲ.

"ನಾನು ಬರ್ತೀನಿ ಅಂತ ಅಂದ್ಕೊಂಡಿರ್ಲಿಲ್ಲ, ಅಲ್ವಾ?" ಎಂದಳು ಓಕಾ.

"ಅತ್ತೆ ಅಂದ್ಕೊಂಡಿದ್ರು. ಮಣ್ಣಾದ್ಮೇಲೆ ಚಹಾಕ್ಕೆ ಬನ್ನಿ ಓಕಮ್ಮ. ನಿಮ್ಮ ಹೆಸರಿಗೆ ಒಂದು ಕಾಗದ ಇಟ್ಟು ಹೋಗಿದಾರೆ."

ವಾಡಿಕೆಯಂತೆ ಪೆಟ್ಟಿಗೆಯನ್ನು ಹೊತ್ತು ಚರ್ಚಿನ ಸುತ್ತ ಮೂರು ಸಲ ನಡೆದರು. ಕಡಲ ಗಾಳಿ ಪಾದ್ರಿಯ ಮಾತನ್ನು ಅರ್ಧಕ್ಕೇ ಹೊತ್ತೊಯ್ಯುತ್ತಿತ್ತು. ತಾಲ್ಕೆ ಒಂದು ಭಾನುವಾರವನ್ನೂ ತಪ್ಪಿಸಿದವಳಲ್ಲ ಎಂದು ಅವರು ಹೇಳಿದರು. ಊರಿಗೆಲ್ಲ ತಿಳಿದಿದ್ದ ಇನ್ನೊಂದನ್ನು ಹೇಳಲಿಲ್ಲ. ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸಕ್ಕೆ ಸಭೆಯೆಲ್ಲ ಎದ್ದಾಗ ಅವಳೊಬ್ಬಳು ಏಳುತ್ತಿರಲಿಲ್ಲ. ಹಿಂದಿನ ಪಾದ್ರಿ ವರ್ಷಕ್ಕೊಮ್ಮೆ ಕೇಳುತ್ತಿದ್ದರು. "ಇನ್ನೂ ಹೊತ್ತಾಗಿಲ್ಲ ಸ್ವಾಮಿ," ಎನ್ನುತ್ತಿದ್ದಳು. ಕೇಳಿ ಕೇಳಿ ಅವರೂ ಕಣ್ಣುಮುಚ್ಚಿದರು. ಇಮ್ಕೆ ಅತ್ತೆಯ ಕೀರ್ತನೆಯ ಪುಸ್ತಕ ಹಿಡಿದಿದ್ದಳು. ಅದರ ಬೆನ್ನಿನಲ್ಲಿ ಗುರುತಿನ ಕೆಂಪು ದಾರ ಇರಬೇಕಾದಲ್ಲಿ ಕತ್ತರಿಸಿದ ಮೋಟು ಮಾತ್ರ ಇತ್ತು.

ಮನೆಯಲ್ಲಿ ಚಹಾ ಆಯಿತು. ಬಿಸಿ ಚಹಾ ಬೀಳುತ್ತಲೇ ಬಟ್ಟಲಿನ ತಳದ ಕಲ್ಲುಸಕ್ಕರೆ ಚಿಟಿಚಿಟಿ ಎಂದಿತು. ಒಲೆಯ ಪಕ್ಕದ ಗೋಡೆಯಲ್ಲಿ ಸಾಲಾಗಿ ಆರು ಮೊಳೆಗಳಿದ್ದವು. ಐದರಲ್ಲಿ ಒರಸುವ ಬಟ್ಟೆಗಳು, ಎಲ್ಲವೂ ಒಂದೇ ತೆರನಾಗಿ ಕಿರಿದಾಗಿ ಮಡಿಸಿದವು. ಆರನೆಯದು ಬರಿದು. ಚಿಕ್ಕಂದಿನಲ್ಲಿ ಇಮ್ಕೆ ಒಮ್ಮೆ ಅದಕ್ಕೆ ತನ್ನ ಟೋಪಿ ಸಿಕ್ಕಿಸಿದ್ದಳು. ಅತ್ತೆ ಬಯ್ಯಲಿಲ್ಲ. ಬಂದು ತೆಗೆದಿಟ್ಟಳು, ಅಷ್ಟೇ.

"ಈ ಮನೆ ಮಡಿಕೆ ನೋಡ್ರೋ," ಎಂದನು ಓನೊ. "ಒರಸೋ ಬಟ್ಟೇನ ಕಿಟಕಿಯಿಂದ ಎಸೆದ್ರೂ ಬಿಚ್ಚಿಕೊಂಡು ನಿಧಾನಕ್ಕೆ ಇಳಿಯುತ್ತೆ. ಪ್ಯಾರಾಶೂಟ್ ಕಟ್ಟಿದ ಕೈ ಅದು. ಅಗೋ, ನಾನು ಕೊಟ್ಟ ಬಾಟ್ಲಿ. ಇನ್ನೂ ತೆಗೆದೇ ಇಲ್ಲ, ಮಹಾತಾಯಿ."

ಜಿಗಿದು ಬದುಕಿದ ಪೈಲಟ್, ತನ್ನ ಪ್ಯಾರಾಶೂಟ್ ಮಡಿಸಿದವರಿಗೆ ಒಂದು ಬಾಟಲಿ ತಂದುಕೊಡುವುದು ವಾಯುನೆಲೆಯ ರೂಢಿ.

"ಪ್ರಾಣ ಉಳೀತಮ್ಮಾ ಅಂತ ತಂದ್ರೆ, ಹೋ ಅಂತ ಅತ್ಬಿಟ್ಲು. ಕುಡೀಲೂ ಇಲ್ಲ, ನನಗೆ ಕುಡಿಸ್ಲೂ ಇಲ್ಲ."

ಹಿನ್ರಿಕ್ ಬಟ್ಟಲನ್ನು ಮುಂದೆ ಚಾಚಿದನು. "ಆ ವಿಮಾನ ಒಂದರ ಬೆಲೇಲಿ ನಮ್ಮ ಕಡಲಕಟ್ಟೆ ಪೂರ್ತಿ ಎತ್ತರಿಸಬಹುದಾಗಿತ್ತು ಅಂತ ನಮ್ಮಪ್ಪ ಬಯ್ಯೋನು. ಸರ್ಕಾರದೋರು ದುಡ್ಡು ಸುರಿದು ಯಾಕೆ ತರಿಸ್ಕೋತಾರೆ, ಬೀಟ್‌ರೂಟ್ ಹೊಲದಲ್ಲಿ ಬುಟ್ಟಿ ಹಿಡಿದು ನಿಂತ್ರೆ ತಾನೇ ಬೀಳುತ್ತಲ್ಲ ಅನ್ನೋನು..."

ಅವನ ಹೆಂಡತಿ ಮೇಜಿನ ಕೆಳಗೆ ಒದ್ದಳು. ಹಿನ್ರಿಕ್ ಓಕಾಳ ಮುಖ ನೋಡಿ ಬಾಯಿ ಮುಚ್ಚಿದನು. ಮೂರನೆಯ ಬಟ್ಟಲು ಮುಗಿಸಿ, ಸಾಕೆನ್ನುವಂತೆ ಚಮಚವನ್ನು ಬಟ್ಟಲಲ್ಲಿ ನಿಲ್ಲಿಸಿ, ನೆರೆಯವರು ಒಬ್ಬೊಬ್ಬರಾಗಿ ಎದ್ದರು. ಓನೊ ಮಾತ್ರ ಇನ್ನೊಂದು ಬಟ್ಟಲು ಹಾಕಿಸಿಕೊಂಡು ಕುಳಿತನು.

ಇಮ್ಕೆ ಒಳಗೆ ಹೋಗಿ ಸ್ಟೂಲು ಹತ್ತಿ, ಬೀರುವಿನ ಮೇಲಿಂದ ಹಸಿರು ಗಂಟೊಂದನ್ನು ಇಳಿಸಿ ತಂದು ಮೇಜಿನ ಮೇಲಿಟ್ಟಳು. ಅದರ ಮೇಲೆ ಕಾಗದವಿತ್ತು.

* * *

ಅರವತ್ತೈದನೆಯ ಇಸವಿ, ಅಕ್ಟೋಬರ್. ವಾಯುನೆಲೆಯಲ್ಲಿ ಪ್ಯಾರಾಶೂಟ್ ಮಡಿಸುವ ಕೋಣೆಯಲ್ಲಿ ಉದ್ದನೆಯ ಮೇಜು. ಒಳಗೆ ಬರುವ ಮುಂಚೆ ಹೆಂಗಸರು ಉಂಗುರ, ಹೇರ್‌ಪಿನ್ನು ಎಲ್ಲ ತೆಗೆದಿಡಬೇಕು. ಬಿಳಿ ಬಟ್ಟೆಯನ್ನು ಮಡಿಸುವಾಗ ಜಾರದಿರಲೆಂದು ನಡುವಿಗೆ ಕೆಂಪು ಪಟ್ಟಿಯೊಂದನ್ನು ಕಟ್ಟುತ್ತಾರೆ. ಗಂಟು ಮುಚ್ಚುವ ಮುಂಚೆ ಅದನ್ನು ಬಿಚ್ಚಿ ಗೋಡೆಯ ಮೊಳೆಗೆ ಹಾಕಬೇಕು. ಬಿಚ್ಚದೆ ಮುಚ್ಚಿದರೆ ಪ್ಯಾರಾಶೂಟ್ ಆಕಾಶದಲ್ಲಿ ಅರಳುವುದಿಲ್ಲ. ಆರು ಪಟ್ಟಿ, ಆರು ಮೊಳೆ. ಸಂಜೆ ಮೇಲ್ವಿಚಾರಕ ಎಣಿಸಿ ಸಹಿ ಹಾಕುತ್ತಿದ್ದನು.

ಆ ಬೆಳಗ್ಗೆ ತಾಲ್ಕೆ ಎರಡು ಪ್ಯಾರಾಶೂಟ್ ಮಡಿಸಿದಳು, ನಂಬರು ಹದಿನಾಲ್ಕು ಮತ್ತು ಹದಿನೈದು. ನಡುವೆ ರಾಜಧಾನಿಯಿಂದ ದೊಡ್ಡವರು ಬಂದರು. ಇಷ್ಟು ದುಬಾರಿಯ ಯಂತ್ರಗಳು ಏಕೆ ಬೀಳುತ್ತಿವೆ ಎಂದು ಪತ್ರಿಕೆಗಳು ಬರೆಯುತ್ತಿದ್ದ ಕಾಲ ಅದು. ಎಲ್ಲವೂ ಸುರಕ್ಷಿತವಾಗಿದೆ ಎಂದು ತೋರಿಸಲು ಅವರಿಗೊಂದು ಚಿತ್ರ ಬೇಕಿತ್ತು. "ಬಟ್ಟೆ ಹಿಡ್ಕೊಂಡು ನಗಮ್ಮಾ. ಇನ್ನೊಂದ್ಸಲ. ಇತ್ತ ತಿರುಗಿ ಇನ್ನೊಂದ್ಸಲ," ಎಂದನು ಚಿತ್ರ ತೆಗೆಯುವವನು. ತಾಲ್ಕೆ ನಕ್ಕಳು. ಅವಳಿಗಾಗ ಇಪ್ಪತ್ತೇಳು ವರ್ಷ. ಆಗ ಮೇಜಿನ ಮೇಲಿದ್ದದ್ದು ಹದಿನಾಲ್ಕೋ ಹದಿನೈದೋ, ಆಮೇಲೆ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಎರಡೂವರೆಗೆ ಫೋಲ್ಕರ್ಟ್ ಹದಿನಾಲ್ಕನ್ನು ಬೆನ್ನಿಗೆ ಕಟ್ಟಿಕೊಂಡು ಮಂಜಿನಲ್ಲಿ ಏರಿದನು. ಸದ್ದು ಕೇಳಿಸಿತು. ಮತ್ತೆ ಸದ್ದು ನಿಂತಿತು. ಕಡಲಕಟ್ಟೆಯ ಆಚೆಗೆ ಹೊಗೆ ಎದ್ದಿತು. ಎಲ್ಲರೂ ಕಿಟಕಿಗೆ ಓಡಿದರು. ತಾಲ್ಕೆ ಮಾತ್ರ ಗೋಡೆಯ ಕಡೆ ತಿರುಗಿದಳು. ಆರನೆಯ ಮೊಳೆ ಬರಿದಾಗಿತ್ತು.

ಮೇಜಿನ ಕೆಳಗೆ ಹುಡುಕಿದಳು. ಕಸದ ಡಬ್ಬಿಯಲ್ಲಿ ಹುಡುಕಿದಳು. ಹದಿನೈದನ್ನು ತೆಗೆದು ನೋಡೋಣವೆಂದು ಓಡಿದರೆ, ತನಿಖೆಗೆಂದು ಉಗ್ರಾಣಕ್ಕೆ ಆಗಲೇ ಮುದ್ರೆ ಬಿದ್ದಿತ್ತು. ಐದು ಗಂಟೆಗೆ ಎಣಿಕೆ. ಅವಳ ಚೀಲದಲ್ಲಿ ಕೀರ್ತನೆಯ ಪುಸ್ತಕವಿತ್ತು. ಅದರ ಕೆಂಪು ಗುರುತುದಾರವನ್ನು ಕತ್ತರಿಸಿ ಮೊಳೆಗೆ ಹಾಕಿದಳು. ಮೇಲ್ವಿಚಾರಕ ಆರು ಎಣಿಸಿದನು, ಸಹಿ ಹಾಕಿದನು.

ಹೊಲದಲ್ಲಿ ಎಲ್ಲವೂ ಸುಟ್ಟುಹೋಗಿತ್ತು. ಹೊರಕ್ಕೆ ಹಾರಲು ಪೈಲಟ್ ತಡಮಾಡಿದನೆಂದು ತನಿಖೆಯವರು ಬರೆದರು. ಎರಡು ವರ್ಷದ ಮೇಲೆ ಆ ವಿಮಾನಗಳಲ್ಲಿ ಪೈಲಟ್‌ನನ್ನು ಹೊರಕ್ಕೆ ಚಿಮ್ಮಿಸುವ ಕುರ್ಚಿಗಳನ್ನೇ ಬದಲಾಯಿಸಿದಾಗ ಹಳೆಯ ಪ್ಯಾರಾಶೂಟುಗಳನ್ನು ಬಟ್ಟೆಯ ಬೆಲೆಗೆ ಮಾರಿದರು. ತಾಲ್ಕೆ ಅಲ್ಲಿಯವರೆಗೂ ಯಾರೂ ಮುಟ್ಟದೆ ಉಗ್ರಾಣದಲ್ಲೇ ಉಳಿದಿದ್ದ ಹದಿನೈದನ್ನು ಕೊಂಡು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಮನೆಗೆ ತಂದಳು. ಬೀರುವಿನ ಮೇಲಿಟ್ಟಳು. ತೆರೆಯಲಿಲ್ಲ.

* * *

ಇಮ್ಕೆ ಕಾಗದವನ್ನು ಪೂರ್ತಿ ಓದಿದಳು. ಕೊನೆಯ ಸಾಲುಗಳನ್ನು ಓದುವಾಗ ಅವಳ ದನಿ ಇಳಿಯಿತು. "ಒಳಗೆ ಕೆಂಪು ಪಟ್ಟಿ ಇದ್ದರೆ ಫೋಲ್ಕರ್ಟನದು ಸರಿಯಾಗಿತ್ತು. ಇಲ್ಲದಿದ್ದರೆ ಅದು ಅವನ ಸಂಗಡ ಹೋಯಿತು. ನೋಡುವ ಧೈರ್ಯ ನನಗಾಗಲಿಲ್ಲ. ನಿನಗೆ ಹೇಳುವ ಧೈರ್ಯವೂ ಆಗಲಿಲ್ಲ. ಓಕಾ, ನೀನೇ ತೆಗೆ."

ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಯಾರೂ ಏಳಲಿಲ್ಲ.

"ಇಲ್ಲದೇ ಇರ್ಲಿ," ಎಂದಳು ಓಕಾ.

"ಏನಂದೆ?"

"ಅದು ಒಳಗೆ ಇಲ್ಲದೇ ಇರ್ಲಿ ಅಂದೆ, ಓನೊ. ತಡ ಮಾಡಿದ, ತಡ ಮಾಡಿದ ಅಂತ ಕೇಳ್ಕೊಂಡೇ ಮುದುಕಿಯಾದೆ. ಮಗಳ ಮದುವೇಲೂ ಯಾರೋ ಅಂದ್ರು. ತಪ್ಪು ಯಾರದಾದ್ರೂ ಆಗ್ಲಿ, ಅವನದು ಬೇಡ."

"ಹಾಗಾದ್ರೆ ಅತ್ತೆಯದಾಗ್ಬೇಕಾ?" ಎಂದಳು ಇಮ್ಕೆ.

"ಅವಳು ಸತ್ತಿದಾಳೆ ಮಗು."

"ಅವರೂ ಸತ್ತಿದಾರೆ ಓಕಮ್ಮ."

ಓನೊ ಬಟ್ಟಲನ್ನು ಕೆಳಗಿಟ್ಟನು. "ಕೇಳು. ಆ ವಿಮಾನ ಬಿಸಿಲಲ್ಲಿ, ಮೇಲೆ ಹಾರೋಕೆ ಮಾಡಿದ ಕುದುರೆ. ಆನೆ ಹೊರೆ ಹೇರಿ ಮಂಜಲ್ಲಿ, ನೆಲಕ್ಕೆ ತಾಗೋ ಹಾಗೆ ಓಡಿಸಿದ್ರು ನಮ್ಮನ್ನ. ಅಷ್ಟು ಕೆಳಗೆ ಆ ಹಳೇ ಕುರ್ಚಿಯಿಂದ ಹಾರಿದ್ರೆ ಎಂಥ ಪ್ಯಾರಾಶೂಟಿಗೂ ಅರಳೋಕೆ ಪುರಸೊತ್ತಿರ್ಲಿಲ್ಲ. ನಾನು ಬದುಕಿದ್ದು ಮೇಲಿದ್ದೆ ಅಂತ. ಕುರ್ಚಿ ಸರಿ ಇದ್ದಿದ್ರೆ ಬದಲಾಯಿಸ್ತಿದ್ರಾ?"

"ಇದನ್ನ ಆಗ್ಲೇ ಯಾಕೆ ಹೇಳ್ಲಿಲ್ಲ ನೀನು?"

ಆಗ ಓನೊನಿಗೂ ಕೆಲಸವಿತ್ತು, ಹೆಂಡತಿ ಇದ್ದಳು. ಓಕಾ ಎದ್ದು ನಿಂತು, ಗಂಟನ್ನು ತೆರೆಯುವ ಲೋಹದ ಬಳೆಯೊಳಗೆ ಎರಡು ಬೆರಳು ತೂರಿಸಿ ಎಳೆದಳು.

ಒಳಗಿನ ಸ್ಪ್ರಿಂಗು ನಲವತ್ತೊಂಬತ್ತು ವರ್ಷ ಮಲಗಿಯೇ ಇರಲಿಲ್ಲವೇನೋ ಎಂಬಂತೆ ಪುಟಿಯಿತು. ದೀಪ ತೂಗಾಡಿತು. ಹಾಲಿನ ಕೆನೆಯ ಪಾತ್ರೆ ಉರುಳಿತು. ಬಿಳಿ ಬಟ್ಟೆ ಮೇಜಿನಿಂದ ಜಾರಿ ಜಾರಿ ನೆಲಕ್ಕೆ ಬಿದ್ದಿತು. ಆದರೆ ಹರಡಲಿಲ್ಲ. ಬಟ್ಟೆಯಲ್ಲಿ ಸುತ್ತಿ ಮಲಗಿಸಿದ ಕೂಸಿನಂತೆ ಉದ್ದಕ್ಕೆ ಬಿದ್ದಿತ್ತು. ಅದರ ನಡುವಿನಲ್ಲಿ ಕೆಂಪು ಪಟ್ಟಿ, ಬಿಗಿಯಾಗಿ, ಗಂಟು ಹಾಕಿದಂತೆಯೇ.

"ಅಯ್ಯೋ ಅತ್ತೇ," ಎಂದಳು ಇಮ್ಕೆ. "ಇಲ್ಲೇ ಇತ್ತಲ್ಲೇ. ನಿನ್ನ ತಲೆಯ ಮೇಲೇ ಇತ್ತಲ್ಲೇ."

ಓಕಾ ಕುರ್ಚಿಯಲ್ಲಿ ಕುಸಿದಳು. ಅತ್ತಳೋ ಇಲ್ಲವೋ ತಿಳಿಯಲಿಲ್ಲ, ತಲೆವಸ್ತ್ರ ಮುಖಕ್ಕೆ ಬಂದಿತ್ತು. ಓನೊ ಬಗ್ಗಿ, ಗಂಟಿನ ಜೇಬಿನಿಂದ ಇಣುಕುತ್ತಿದ್ದ ಚೀಟಿಯನ್ನು ಎಳೆದು ಕನ್ನಡಕ ಏರಿಸಿದನು. ಪ್ರತಿ ಪ್ಯಾರಾಶೂಟಿನ ಜೇಬಿನಲ್ಲೂ ಮಡಿಸಿದವರ ಸಹಿ ಮತ್ತು ತೊಡುವವನ ಹೆಸರು ಇರುತ್ತಿತ್ತು. ಅವನು ಬಹಳ ಹೊತ್ತು ಓದಿದನು. ಇದ್ದದ್ದು ಎರಡೇ ಹೆಸರು.

"ಏನಿದೆ ಓನೊ ಮಾವ?"

"ನಂದು," ಎಂದನು ಅವನು. "ಮಾರನೇ ದಿನ ಬೆಳಗ್ಗೆ ಏಳಕ್ಕೆ ನನ್ನ ಪಾಳಿ. ಅವನು ಬಿದ್ದ ಅಂತ ಎಲ್ಲಾ ನಿಲ್ಲಿಸಿದ್ರು, ಉಗ್ರಾಣಕ್ಕೆ ಮುದ್ರೆ ಹಾಕಿದ್ರು. ನನಗೆ ಬೇರೆ ಕೊಟ್ರು. ಅದಾಗಿ ಮೂರೇ ವಾರಕ್ಕೆ ನಾನು ಹಾರಿದ್ದು. ಇದು ಬೆನ್ನ ಮೇಲಿದ್ದಿದ್ರೆ..."

ಅವನು ಕಪಾಟಿನ ಬಾಟಲಿಯ ಕಡೆ ನೋಡಿದನು. ತುಂಬಿದ್ದ ಬಟ್ಟಲಿನೊಳಗೆ ಚಮಚ ನಿಲ್ಲಿಸಿ ದೂರ ಸರಿಸಿದನು.

ಓಕಾ ನಿಧಾನವಾಗಿ ನೆಲಕ್ಕೆ ಇಳಿದು ಆ ಬಟ್ಟೆಯ ಪಕ್ಕದಲ್ಲಿ ಮೊಣಕಾಲೂರಿದಳು. ಉಗುರಿನಿಂದ ಗಂಟನ್ನು ಬಿಡಿಸತೊಡಗಿದಳು. ಇಮ್ಕೆ ಕತ್ತರಿ ತಂದಳು.

"ಬೇಡ. ಇದನ್ನ ಬಿಚ್ಚಬೇಕು, ಕತ್ತರಿಸಬಾರದು," ಎಂದಳು ಓಕಾ.

ತುಂಬ ಹೊತ್ತು ಹಿಡಿಯಿತು. ಬಿಚ್ಚಿದ ಮೇಲೆ ಮೇಜನ್ನು ಹಿಡಿದು ಎದ್ದು, ಒಲೆಯ ಪಕ್ಕಕ್ಕೆ ನಡೆದು, ಪಟ್ಟಿಯನ್ನು ಆರನೆಯ ಮೊಳೆಗೆ ಹಾಕಿದಳು. ಅದು ನೇರವಾಗಿ ಇಳಿಬೀಳಲಿಲ್ಲ. ನಡುವೆ ಗಂಟಿದ್ದ ಕಡೆ ಸುರುಳಿಯಾಗಿ ನಿಂತಿತು.

ಬಾಗಿಲಿನಿಂದ ಕಡಲ ಗಾಳಿ ಬಂದಿತು. ನೆಲದ ಮೇಲಿನ ಬಿಳಿ ಬಟ್ಟೆ ಒಂದೊಂದೇ ಮಡಿಕೆ ಸಡಿಲಿಸಿಕೊಂಡು, ಉಬ್ಬಿ, ತಗ್ಗಿ, ಮೆಲ್ಲಗೆ ಹರಡುತ್ತ ಓನೊನ ಬೂಟುಗಳನ್ನು ಮುಚ್ಚಿತು. ಅವನು ಕಾಲು ತೆಗೆಯಲಿಲ್ಲ.