ಊದಬಾರದ ಕೋಣೆ

"ಕೆಮ್ಮಿದ್ಯಲ್ಲೇ ಮುಂಡೆ. ಹೋಯ್ತು ನೋಡು, ಅರ್ಧ ಜರಡಿ ಗಾಳಿಗೆ ಹೋಯ್ತು. ಕೆಮ್ಮೋದಿದ್ರೆ ಆಚೆ ಹೋಗಿ ಸಾಯಿ."

ಮಾತು ಬಂದದ್ದು ಗೋಡೆಯ ಮೇಲಿನ ಮೈಕಿನಿಂದ. ಮಾತನಾಡಿದವನು ಗಾಜಿನ ಆಚೆ ಕುಳಿತಿದ್ದ. ಆ ಮೇಸ್ತ್ರಿ ಜರಡಿ ಕೋಣೆಯೊಳಗೆ ಕಾಲಿಟ್ಟದ್ದನ್ನು ಕಂಡವರಿಲ್ಲ. ಹೆಂಗಸರು ಅವನಿಗೆ ಗಾಜಿನ ದೊರೆ ಎಂದು ಹೆಸರಿಟ್ಟಿದ್ದರು.

ಅಕ್ಕ ಜರಡಿ ಕೆಳಗಿಟ್ಟು ಮಣಿಕಟ್ಟನ್ನು ಬಾಯಿಗೆ ಒತ್ತಿಕೊಂಡಳು. ಹಾರಿದ ಹಳದಿ ಪುಡಿ ಅವಳ ಹುಬ್ಬಿನ ಮೇಲೆಯೇ ಕೂತಿತು. ಪಕ್ಕದಲ್ಲಿದ್ದ ತಂಗಿ ತಲೆ ಎತ್ತಲಿಲ್ಲ. ಎತ್ತಿದರೆ ಎಣಿಕೆ ತಪ್ಪುತ್ತಿತ್ತು.

ಆ ಕೋಣೆಯಲ್ಲಿ ಉಸಿರಾಡುವುದೂ ಒಂದು ಕಸುಬು. ಮುಖವನ್ನು ಹೆಗಲ ಕಡೆ ತಿರುಗಿಸಿ ಉಸಿರು ಎಳೆದುಕೊಳ್ಳಬೇಕು. ಜರಡಿಯ ಮೇಲೆ ಬಾಗಿ ನಲವತ್ತು ಎಣಿಸುವವರೆಗೆ ಅಂಚನ್ನು ಬೆರಳಿನಿಂದ ತಟ್ಟಬೇಕು. ಮತ್ತೆ ಹೆಗಲ ಕಡೆ ತಿರುಗಿ, ಮಲಗಿದ ಎಳೆಗೂಸಿನ ಪಕ್ಕ ಕೂತವರ ಹಾಗೆ, ಮೂಗಿನಿಂದ ಮೆಲ್ಲಗೆ ಬಿಡಬೇಕು. ಕಿಟಕಿಗಳ ಸಂದಿಗೆಲ್ಲ ಕಾಗದ ಅಂಟಿಸಿದ್ದರು. ಫ್ಯಾನು ಎಂದೋ ಕಳಚಿ ಹೋಗಿತ್ತು. ಮೂಗಿಗೆ ಕಟ್ಟಿಕೊಳ್ಳಲು ಬಟ್ಟೆ ಕೊಟ್ಟಿದ್ದರು, ಆದರೆ ಪುಡಿ ಬಟ್ಟೆಯ ಎಳೆಗಿಂತ ನಯ. ಒಂದು ಚೀಲ ಕಾಡುಗಿಡದ ಹೂ ಒಣಗಿಸಿ ಉದುರಿಸಿದರೆ ಸಿಗುವುದು ಒಂದು ಚಮಚ ಪರಾಗ.

ಆ ಚಮಚದಿಂದ ಔಷಧ ಮಾಡುತ್ತಿದ್ದರು. ಹೂ ಬಿಡುವ ಕಾಲ ಬಂತೆಂದರೆ ಸೀನಿ ಸೀನಿ ಉಬ್ಬಸ ಹತ್ತಿಸಿಕೊಳ್ಳುವವರ ನಾಲಿಗೆ ಕೆಳಗೆ ದಿನಕ್ಕೊಂದು ಹನಿ ಬಿಟ್ಟರೆ, ನಿಧಾನವಾಗಿ ಮೈಗೆ ಒಗ್ಗುತ್ತದಂತೆ.

"ದಿನಕ್ಕೊಂದು ಹನಿಗೇ ಅವರಿಗೆ ಒಗ್ಗೋದಾದ್ರೆ, ಪಾವು ಪಾವು ನುಂಗೋ ನಮಗೆ ಯಾಕ್ರೇ ಒಗ್ಗಿಲ್ಲ?" ಎಂದು, ಎಲ್ಲರೂ ಬಾಯಿಬಡುಕಿ ಎಂದು ಕರೆಯುತ್ತಿದ್ದ ಹೆಂಗಸು ಊಟದ ಹೊತ್ತಿನಲ್ಲಿ ಕೇಳುತ್ತಿದ್ದಳು. ಬಾಯಿ ಮುಚ್ಚಿಕೊಂಡು ಮಾಡುವ ಕೆಲಸಕ್ಕೆ ಅಂಥವಳೇ ಬಂದು ಸೇರಿದ್ದಳು. ಎಲ್ಲರೂ ನಗುತ್ತಿದ್ದರು, ನಕ್ಕು ಕೆಮ್ಮುತ್ತಿದ್ದರು.

ತಂಗಿಗೆ ಕಸುಬು ಕಲಿಸಿದವಳು ಅಕ್ಕನೇ. ಅಂಗೈಯಲ್ಲಿ ಚಿಟಿಕೆ ಪುಡಿ ಇಟ್ಟು, "ಇದು ಅಲುಗದ ಹಾಗೆ ಉಸಿರು ಬಿಡೇ. ಊದಿದ್ಯೋ, ಕೆಲಸ ಹೋಯ್ತು ಅಂತ ತಿಳ್ಕೋ," ಎಂದು ತಲೆಗೆ ಮೊಟಕಿ ಮೊಟಕಿ ಕಲಿಸಿದ್ದಳು. ಆಗ ಅಕ್ಕನ ಎಣಿಕೆ ಅರವತ್ತು ಮುಟ್ಟುತ್ತಿತ್ತು. ಈಗ ಒಂಬತ್ತಕ್ಕೇ ಮುಖ ಕಪ್ಪಿಡುತ್ತಿತ್ತು.

ಅಂಥ ಹೊತ್ತಿನಲ್ಲೇ ದೊಡ್ಡಾಸ್ಪತ್ರೆಯಲ್ಲಿ ಹೊಸ ಹನಿಯ ಪರೀಕ್ಷೆಗೆ ಉಬ್ಬಸದವರು ಬೇಕಂತೆ ಎಂಬ ಸುದ್ದಿ ಬಂತು. ಆಯ್ಕೆಯಾದವರಿಗೆ ಎರಡು ವರ್ಷ ಔಷಧಿ, ಬಾಯಿಗೆ ಹಿಡಿಯುವ ಪಂಪು. ಉಸಿರು ಕಟ್ಟಿದರೆ ಯಾವ ಹೊತ್ತಿಗಾದರೂ ಗಾಡಿ ಬರುತ್ತದೆ.

"ಎರಡು ವರ್ಷ ಸಿಕ್ರೆ ಸಾಕು ಕಣೇ," ಎಂದಳು ಅಕ್ಕ. "ಅಷ್ಟ್ರಲ್ಲಿ ನನ್ನ ಮಗಳು ಒಂದು ದಡ ಸೇರ್ಕೋತಾಳೆ."

ಇಬ್ಬರೂ ರಜೆ ಹಾಕಿ ಹೋದರು. ಬಿಳಿ ಹೆಂಚಿನ ಕೋಣೆ, ಮುಂದೆ ಉದ್ದ ಸಾಲು. ಡಾಕ್ಟರಮ್ಮ ಅಕ್ಕನ ಮುಂಗೈ ಮೇಲೆ ಒಂದು ಹನಿ ಇಟ್ಟು ಸೂಜಿಯಿಂದ ಚುಚ್ಚಿದಳು. ಹನಿ ಯಾವುದರದೆಂದು ಅಕ್ಕನಿಗೆ ವಾಸನೆಯಲ್ಲೇ ಗೊತ್ತಾಯಿತು. ನೋಡುನೋಡುತ್ತಿದ್ದ ಹಾಗೆ ಚರ್ಮ ಉಬ್ಬಿ, ಕೆಂಪು ಮೊಣಕೈವರೆಗೆ ಏರಿತು.

"ಬನ್ನಿ, ಬನ್ನಿ, ಇಲ್ಲಿ ನೋಡಿ," ಎಂದು ಡಾಕ್ಟರಮ್ಮ ಕಲಿಯುವ ಹುಡುಗರನ್ನು ಕರೆದಳು. "ಇಷ್ಟು ಚೆನ್ನಾಗಿ ಎದ್ದಿರೋದು ನಾನೇ ನೋಡಿಲ್ಲ."

ಸ್ಕೇಲಿಟ್ಟು ಅಳೆದರು. ಕೈಯ ಫೋಟೋ ತೆಗೆದರು, ಮುಖ ಬರದ ಹಾಗೆ. ಅಕ್ಕ ಸಂಕೋಚದಿಂದ ನಕ್ಕು, "ಪಾಸಾದ್ನಾ ಅಮ್ಮಾವ್ರೆ?" ಎಂದಳು.

ಇನ್ನೊಂದು ಬಾಕಿಯಿತ್ತು. ಮೀಟರಿಗೆ ಸಿಕ್ಕಿಸಿದ ಒಂದು ಕೊಳವೆ. ಉಸಿರು ತುಂಬಿಕೊಂಡು ಜೋರಾಗಿ ಊದಬೇಕು ಎಂದಳು ಡಾಕ್ಟರಮ್ಮ.

ಅಕ್ಕ ಉಸಿರು ತುಂಬಿಕೊಂಡು ಕೊಳವೆಯನ್ನು ಬಾಯಿಗಿಟ್ಟಳು. ಅವಳ ಕತ್ತು ತಾನಾಗಿ ಹೆಗಲಿಗೆ ತಿರುಗಿತು. ಉಸಿರು ಮೂಗಿನಿಂದ ಮೆಲ್ಲಗೆ ಹೊರಟುಹೋಯಿತು. ಮೀಟರಿನ ಮುಳ್ಳು ಅಲುಗಲಿಲ್ಲ.

"ಪೈಪಿಗೆ ಊದಿ ಅಂದ್ರೆ ಹೆಗಲಿಗೆ ಊದ್ತೀರಲ್ಲ?"

ಮೂಗಿಗೆ ಕ್ಲಿಪ್ಪು ಹಾಕಿದರು. ಉಸಿರು ತುಟಿಯ ಸಂದಿಯಿಂದ ಸೋರಿತು. ಹುಡುಗರಲ್ಲೊಬ್ಬ ಅವಳ ಗದ್ದ ಹಿಡಿದು, "ಥೂ, ಮೂರು ವರ್ಷದ ಮಗು ಊದುತ್ತೆ, ನಿಂಗೇನು ದಾಡಿ?" ಎಂದ. ಎಂಟು ಸಲ ಆಯಿತು. ಅಕ್ಕನ ಕಣ್ಣಲ್ಲಿ ನೀರು ಬಂತು. ನಾಚಿಕೆಗೋ ಉಸಿರಿಗೋ, ತಂಗಿಗೆ ತಿಳಿಯಲಿಲ್ಲ.

ತಡೆಯಲಾರದೆ ತಂಗಿಯೇ ಬಾಯಿ ಬಿಟ್ಟಳು. "ಅಮ್ಮಾವ್ರೆ, ಊದೋಕೆ ಬರ್ದೆ ಅಲ್ಲ. ನಮ್ಮ ಕೆಲಸದಲ್ಲಿ ಊದ್ಬಾರ್ದು, ಅದೇ ಅಭ್ಯಾಸ ಆಗೋಗಿದೆ. ಇನ್ನೊಂದ್ಸಲ ನೋಡಿ."

"ಏನು ಕೆಲಸ?"

"ನಿಮ್ಮ ಔಷಧಿಗೆ ಹೂವಿನ ಪುಡಿ ಜರಡಿ ಹಿಡೀತೀವಿ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟಳು. "ಅದನ್ನ ಮೊದಲೇ ಹೇಳ್ಬಾರ್ದಿತ್ತಾ? ಹೂವಿನ ಕಾಲದಲ್ಲಿ ಮಾತ್ರ ಉಬ್ಬಸ ಬರೋರು ಬೇಕು ನಮಗೆ. ನಿಮಗೆ ವರ್ಷಪೂರ್ತಿ ಇರುತ್ತೆ. ನಿಮ್ಮಂಥೋರನ್ನ ಸೇರಿಸಿದ್ರೆ ಸಂಶೋಧನೆನೇ ಕೆಟ್ಟೋಗುತ್ತೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಮುಂದಿನೋರು ಬನ್ನಿ."

ಕೈಗೆ ಬಂದ ತುತ್ತನ್ನು ಬಾಯಿಗೆ ಬರದ ಹಾಗೆ ತಾನೇ ಮಾಡಿದೆನಲ್ಲ ಎಂದು ತಂಗಿ ಮೆಟ್ಟಿಲ ಮೇಲೆ ಕುಸಿದು ಕೂತಳು. ಅಕ್ಕ ಅವಳ ಬೆನ್ನು ಸವರಿದಳು. "ನೀನು ಹೇಳ್ದೇ ಇದ್ದಿದ್ರೂ ಆಗ್ತಿರ್ಲಿಲ್ಲ ಬಿಡೇ. ಈ ಹಾಳು ಕತ್ತು ಕೇಳ್ಬೇಕಲ್ಲ."

ಆ ಸಂಜೆ ಮನೆಯಲ್ಲಿ ಅಕ್ಕ ಮೇಜಿನ ಮೇಲೆ ಕಾಗದದ ಚೂರು ಇಟ್ಟುಕೊಂಡು ಊದಲು ನೋಡಿದಳು. ಕತ್ತು ತಿರುಗಿತು. ಮಗಳು ಅಮ್ಮನ ಎರಡೂ ಕೆನ್ನೆ ಹಿಡಿದುಕೊಂಡಳು, ಆದರೂ ಕಾಗದ ಅಲುಗಲಿಲ್ಲ. ತಂಗಿಯೂ ಸೇರಿ ಮೂವರೂ ಬಿದ್ದು ಬಿದ್ದು ನಕ್ಕರು. ಹಾಗೆ ನಕ್ಕದ್ದು ಅದೇ ಕೊನೆ.

ನಾಲ್ಕನೆಯ ದಿನ ಮಧ್ಯಾಹ್ನ ಬಟ್ಟೆ ಬದಲಿಸುವ ಕೋಣೆಯ ಬೆಂಚಿನ ಮೇಲೆ ಅಕ್ಕ ಸತ್ತಳು. ಕೆಲಸದ ಅಂಗಿಯ ಒಂದು ತೋಳಿನೊಳಗೆ ಕೈ ಇತ್ತು, ಇನ್ನೊಂದು ಖಾಲಿ ಜೋಲುತ್ತಿತ್ತು. ಗಾಡಿಗೆ ಫೋನು ಮಾಡಿ ಎಂದು ತಂಗಿ ಗಾಜನ್ನು ಬಡಿದು ಬಡಿದು ಕೈ ಊದಿಸಿಕೊಂಡಿದ್ದಳು. ಹೆಣವನ್ನು ಹೊರಗೆ ಒಯ್ಯುವಾಗ ಮೈಕಿನಲ್ಲಿ ಮಾತು ಬಂತು.

"ಆ ಬಾಗಿಲು ಹಾಕ್ರೇ. ಗಾಳಿ ಬರುತ್ತೆ."

ಐದು ದಿನ ಬಿಟ್ಟು ತಂಗಿ ಕೆಲಸಕ್ಕೆ ಬಂದಳು. ಮನೆಯಲ್ಲಿ ಈಗ ಅಕ್ಕನ ಮಗಳೂ ಇದ್ದಳು, ಬರದೆ ವಿಧಿಯಿರಲಿಲ್ಲ. ತಂಗಿಯ ಜಾಗದಲ್ಲಿ ಎರಡು ಜರಡಿ ಇಟ್ಟಿದ್ದರು.

"ನಿಮ್ಮಕ್ಕಂದೂ ನೀನೇ ಮುಗ್ಸು. ಪರೀಕ್ಷೆಗೆ ಇವತ್ತೇ ಪುಡಿ ಹೋಗ್ಬೇಕು. ಡಾಕ್ಟರಮ್ಮನೇ ಬರ್ತಾರೆ," ಎಂದಿತು ಮೈಕು.

ಅವಳು ಮುಗಿಸಿದಳು. ಮೊದಲು ತನ್ನದು, ಆಮೇಲೆ ಅಕ್ಕನದು. ಮಧ್ಯಾಹ್ನದ ಹೊತ್ತಿಗೆ ಆ ಹೂಗಾಲದಲ್ಲಿ ಅಲ್ಲಿಯವರೆಗೆ ಸಿಕ್ಕ ಪುಡಿಯೆಲ್ಲ ಒಂದೇ ಅಗಲ ತಟ್ಟೆಗೆ ಬಂತು. ಗಾಜಿನ ಗೋಡೆಯಲ್ಲಿ ತಟ್ಟೆ ದಾಟಿಸಲೆಂದು ಒಂದು ಪುಟ್ಟ ಕಿಂಡಿ ಇತ್ತು. ಆಚೆ ಗಾಜಿನ ದೊರೆ, ಅವನ ಪಕ್ಕದಲ್ಲಿ ಡಾಕ್ಟರಮ್ಮ. ಮುಖಕ್ಕೆ ಬಟ್ಟೆಯಿಲ್ಲ, ಇಬ್ಬರಿಗೂ ಅದರ ಅಗತ್ಯ ಬಿದ್ದಿರಲಿಲ್ಲ.

ಕಿಂಡಿ ತೆರೆಯಿತು. ತಂಗಿ ತಟ್ಟೆಯನ್ನು ಅದರ ಅಂಚಿಗೆ ಇಟ್ಟಳು, ಕೈ ಬಿಡಲಿಲ್ಲ.

"ಜೋಪಾನ," ಎಂದಳು ಡಾಕ್ಟರಮ್ಮ.

"ಜೋರಾಗಿ ಊದ್ಬೇಕು ಅಂದಿದ್ರಲ್ಲ ಅಮ್ಮಾವ್ರೆ."

ಡಾಕ್ಟರಮ್ಮನಿಗೆ ಅವಳ ಗುರುತು ಹತ್ತಲಿಲ್ಲ. ತಂಗಿ ಉಸಿರು ತುಂಬಿಕೊಂಡಳು. ಕತ್ತು ಹೆಗಲಿನ ಕಡೆ ತಿರುಗತೊಡಗಿತು. ಎಡಗೈಯಿಂದ ತನ್ನ ಗದ್ದವನ್ನು ತಾನೇ ಹಿಡಿದು ಮುಂದಕ್ಕೆ ತಂದಳು. ಮೂಗಿನ ಬಟ್ಟೆ ಕೆಳಗೆಳೆದು ಊದಿದಳು.

ಗಾಜಿನ ಆಚೆ ಏನೂ ಕಾಣದಾಯಿತು. ಹಳದಿಯೊಳಗಿಂದ ಒಂದು ಸೀನು, ಮತ್ತೊಂದು, "ಏಯ್ ಲೌಡಿ" ಎಂಬ ಅರ್ಧ ಬೈಗುಳ, ಆಮೇಲೆ ಕುರ್ಚಿ ಉರುಳಿದ ಸದ್ದು. ತಂಗಿಗೂ ಬಿಟ್ಟ ಉಸಿರು ತಿರುಗಿ ಬರಲಿಲ್ಲ. ಕಿಂಡಿಯ ಅಂಚು ಹಿಡಿದು ಮೊಣಕಾಲೂರಿದಳು. ಎದೆಯೊಳಗೆ ಅಕ್ಕನ ಉಬ್ಬಸದ್ದೇ ಸಿಳ್ಳು ಕೇಳಿಸಿತು.

ಹಿಂದೆ ಸ್ಟೂಲುಗಳು ಒಂದೊಂದಾಗಿ ಸರಿದವು. ಬಾಯಿಬಡುಕಿ ಉಸಿರು ತುಂಬಿಕೊಂಡು, ಇನ್ನೂ ಪುಡಿ ಇದ್ದ ತನ್ನ ಜರಡಿ ಎತ್ತಿಕೊಂಡು ಕಿಂಡಿಯ ಹತ್ತಿರ ಬಂದಳು. ಅವಳ ಹಿಂದೆ ಇನ್ನೊಬ್ಬಳು. ಕೋಣೆಯಲ್ಲಿ ಯಾರೂ ಎಣಿಸುತ್ತಿರಲಿಲ್ಲ.